ಹಮಾಸೆ ಬಂದರಿನ ಲಾಕರು

ಮೇ ಹದಿನೇಳು, ಶುಕ್ರವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ಹಮಾಸೆ ಬಂದರು ಠಾಣೆಗೆ ಒಂದು ದೂರು ಬಂತು. ತಂದವನು ಪ್ರವಾಸಿ ಹಡಗುಕಟ್ಟೆಯಲ್ಲಿ ಲಾಕರುಗಳನ್ನು ನೋಡಿಕೊಳ್ಳುವ ಮುದುಕ ಟೊಕಿಜೊ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಒಳಗೆ ಬಂದ.

"ಮೊದ್ಲು ಬಾಯಿ ತೊಳೆಯೋಕೆ ನೀರು ಕೊಡಿ ಸಾರ್. ಆಮೇಲೆ ಹೇಳ್ತೀನಿ."

ಕಾನ್‌ಸ್ಟೇಬಲ್ ಹಾಮುರಾ ನೀರು ತಂದುಕೊಟ್ಟ. ಟೊಕಿಜೊ ನಾಲ್ಕು ಸಲ ಮುಕ್ಕಳಿಸಿದ. ಇನ್‌ಸ್ಪೆಕ್ಟರ್ ನಿಶಿಗೋರಿ ಮೇಜಿನ ಹಿಂದಿನಿಂದ ಇದನ್ನೆಲ್ಲ ನೋಡುತ್ತಿದ್ದ. ಐವತ್ತಾರು ವರ್ಷದ ಈ ಮನುಷ್ಯನಿಗೆ ಜನರ ಮೇಲೆ ಅಂಥ ಗೌರವವೇನೂ ಉಳಿದಿರಲಿಲ್ಲ. ಮೂವತ್ತು ವರ್ಷ ಜನರ ದೂರು ಕೇಳಿದವನಿಗೆ ಅದು ಉಳಿಯುವುದೂ ಕಷ್ಟ.

"ಏನು ತಿಂದೆ?"

"ಸಿಹಿ ಸಾರ್."

"ಸಿಹಿ ತಿಂದು ಬಾಯಿ ತೊಳ್ಕೊಳ್ಳೋಕೆ ಪೊಲೀಸ್ ಠಾಣೇನೇ ಬೇಕಿತ್ತಾ?"

"ಅದರ ಪಕ್ಕದಲ್ಲಿ ಮೂಳೆ ಇತ್ತು ಸಾರ್. ಮನುಷ್ಯರದ್ದು."

ಸಂಗತಿ ಇಷ್ಟು. ಕಟ್ಟೆಯ ಲಾಕರುಗಳಲ್ಲಿ ಸಾಮಾನು ಮೂರು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮಂಗಳವಾರ ಬೀಗ ಬಿದ್ದ ಏಳನೇ ನಂಬರಿನ ದೊಡ್ಡ ಲಾಕರನ್ನು ಯಾರೂ ಬಂದು ತೆಗೆಯಲಿಲ್ಲ. ಈ ಬೆಳಿಗ್ಗೆ ಟೊಕಿಜೊ ತನ್ನ ಕೀಲಿಯಿಂದ ತೆಗೆದ. ಒಳಗೆ ಬಿಳಿ ಬಟ್ಟೆಯ ಒಂದು ಗಂಟು, ಅದರ ಮುಂದೆ ನೀಟಾಗಿ ಕಾಗದ ಸುತ್ತಿದ ಸಿಹಿಯ ಡಬ್ಬ. ಯಾರಿಗಾದರೂ ತೊಂದರೆ ಕೊಟ್ಟರೆ ಒಂದು ಡಬ್ಬ ಸಿಹಿ ಹಿಡಿದುಕೊಂಡು ಹೋಗಿ ತಲೆಬಾಗುವುದು ಇಲ್ಲಿಯ ರೂಢಿ. ಮನೆ ರಿಪೇರಿಯ ಸದ್ದಿಗೂ ಡಬ್ಬ, ಮಗ ಚೆಂಡು ಹೊಡೆದು ಪಕ್ಕದ ಮನೆಯ ಗಾಜು ಒಡೆದದ್ದಕ್ಕೂ ಡಬ್ಬ. ಯಾರೋ ಮರ್ಯಾದಸ್ಥ ಪ್ರಯಾಣಿಕರು ಅವಧಿ ಮೀರಿದ್ದಕ್ಕೆ ತನಗಾಗಿಯೇ ಇಟ್ಟಿದ್ದಾರೆಂದು ಟೊಕಿಜೊ ಹಿಗ್ಗಿದ. ಚಹಾ ಕಾಯಿಸಿಕೊಂಡು, ಕೂತು, ಮೂರು ಸಿಹಿ ತಿಂದ. ಆಮೇಲೆ ಗಂಟು ಬಿಚ್ಚಿದ.

"ಮೊದ್ಲು ಗಂಟು ಬಿಚ್ಚಬೇಕು ಅನ್ನಿಸ್ಲಿಲ್ವಾ?"

"ಸಿಹಿ ಮುಂದ್ಗಡೆ ಇತ್ತು ಸಾರ್."

ಒಂಬತ್ತು ಐವತ್ತಕ್ಕೆ ಎಫ್ಐಆರ್ ದಾಖಲಾಯಿತು. ನಂಬರು ನಲವತ್ತೊಂದು. ಅಪರಾಧ: ಮೃತರ ಅಸ್ಥಿಯನ್ನು ತ್ಯಜಿಸಿ ಹೋದದ್ದು. ಆರೋಪಿ: ಅಪರಿಚಿತ.

ನಿಶಿಗೋರಿಗೆ ಆಶ್ಚರ್ಯವೇನೂ ಆಗಲಿಲ್ಲ. ಈಗೀಗ ಕೊಡೆ ಮರೆತು ಇಳಿದಂತೆ ಹೆತ್ತವರ ಅಸ್ಥಿಯನ್ನು ರೈಲಿನಲ್ಲಿ ಮರೆತು ಇಳಿಯುವವರಿದ್ದಾರೆ. ಬದುಕಿರುವಾಗ ಭಾರವಾಗಿದ್ದವರು ಸತ್ತ ಮೇಲೆ ಹಗುರವಾಗುತ್ತಾರೆಯೇ?

ಕಟ್ಟೆಯಲ್ಲಿ ಪಂಚನಾಮೆಗೆ ಹೋದಾಗ ಊರಿನ ಪ್ರವಾಸೋದ್ಯಮ ಅಧಿಕಾರಿ ಸುಗಿತಾನಿ ಅದಾಗಲೇ ಬಂದು ನಿಂತಿದ್ದ. ಮಂಗಳವಾರ ಊರಿಗೆ 'ಗೋಲ್ಡನ್ ಹೆರಾನ್' ಹಡಗು ಬಂದಿತ್ತು. ಯೊಕೊಹಾಮಾದಿಂದ ಹೊರಟು ಹಮಾಸೆ, ಕೊರಿಯಾದ ಬುಸಾನ್ ಮತ್ತು ಜೇಜು, ನಾಗಾಸಾಕಿ ಮುಟ್ಟಿ ಮರಳುವ ಹಡಗು. ಎರಡು ಸಾವಿರದ ಆರುನೂರು ಪ್ರಯಾಣಿಕರು. ಅವರ ಸ್ವಾಗತಕ್ಕೆ ಸುಗಿತಾನಿ ಶಾಲೆಗೆ ಅರ್ಧ ದಿನ ರಜೆ ಕೊಡಿಸಿ ಮಕ್ಕಳ ಕೈಗೆ ಬಾವುಟ ಕೊಟ್ಟಿದ್ದ, ಡೋಲು ಬಡಿಸಿದ್ದ, ತನ್ನ ಗುಮಾಸ್ತನಿಗೆ ಹತ್ತು ಕಾಲಿನ ಬೊಂಡಾಸ್ ಮೀನಿನ ವೇಷ ಹಾಕಿಸಿ ಕುಣಿಸಿದ್ದ. ಪ್ರಯಾಣಿಕರು ಎದೆಯ ಮೇಲೆ ನಂಬರು ಅಂಟಿಸಿಕೊಂಡು ಇಳಿದರು, ಮೀನಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ರುಚಿ ನೋಡಲು ಇಟ್ಟ ಒಣಮೀನಿನ ಚೂರುಗಳನ್ನೆಲ್ಲ ಮುಗಿಸಿದರು, ಹಲ್ಲುಕಡ್ಡಿ ಕಚ್ಚಿಕೊಂಡೇ ಹಡಗು ಹತ್ತಿದರು. ಇದಕ್ಕೆ ಊರಿನವರು ಅಭಿವೃದ್ಧಿ ಎಂದು ಹೆಸರಿಟ್ಟಿದ್ದಾರೆ.

"ಇನ್‌ಸ್ಪೆಕ್ಟರ್ ಸಾರ್, ಇದು ಹಡಗಿನವರ ಕೆಲಸ ಅಂತ ಮಾತ್ರ ಬರೀಬೇಡಿ," ಸುಗಿತಾನಿ ಪಿಸುಗುಟ್ಟಿದ. "ಅಕ್ಟೋಬರಿಗೆ ಮತ್ತೆ ಬರ್ತಾರೆ. ಬೇಜಾರು ಮಾಡ್ಕೋತಾರೆ."

"ನಿಮ್ಮ ಕ್ಯಾಮೆರಾ ತೋರ್ಸಿ."

ಲಾಕರುಗಳ ಎದುರು ಒಂದು ಕ್ಯಾಮೆರಾ ಇತ್ತು. ಮಂಗಳವಾರದ ಚಿತ್ರ ಹಾಕಿಸಿದಾಗ ಎಂಟು ಗಂಟೆಯಿಂದ ಐದು ಗಂಟೆಯವರೆಗೂ ಕಂಡದ್ದು ಕುಣಿಯುವ ಬೊಂಡಾಸ್ ಮೀನು ಒಂದೇ.

"ಇದೇನ್ರೀ?"

"ಊರಿನ ವೆಬ್‌ಸೈಟಿಗೆ ಹಾಕೋಕೆ ಅಂತ ಆವತ್ತು ಸ್ವಲ್ಪ ವೇದಿಕೆ ಕಡೆ ತಿರುಗಿಸಿದ್ವಿ ಸಾರ್."

"ಹಾಮುರಾ, ಬರ್ಕೋ," ಎಂದ ನಿಶಿಗೋರಿ. "ಕಣ್ಣಾರೆ ಕಂಡ ಸಾಕ್ಷಿ, ಒಂದು ಮೀನು."

ಗಂಟನ್ನು ಬಿಚ್ಚಿದರು. ಒಳಗೆ ಬಿಳಿ ಪಿಂಗಾಣಿ ಭರಣಿ, ಉಪ್ಪಿನಕಾಯಿಯದಕ್ಕಿಂತ ದೊಡ್ಡದು, ಕತ್ತಿನವರೆಗೆ ತುಂಬಿತ್ತು. ಹೆಸರಿಲ್ಲ. ದಹನದ ಕಾಗದಪತ್ರವಿಲ್ಲ. ಬೆರಳಚ್ಚಿನವನು ಅರ್ಧ ಗಂಟೆ ಪುಡಿ ಉದುರಿಸಿ ಕೈಚೆಲ್ಲಿದ. ಭರಣಿಯನ್ನಷ್ಟೇ ಅಲ್ಲ, ಲಾಕರಿನ ಒಳಗೋಡೆಯನ್ನೂ ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಮೂಲೆಯ ಧೂಳೂ ಇರಲಿಲ್ಲ.

"ಕಳ್ಳನಾ, ಕೆಲಸದವಳಾ ಸಾರ್ ಇದು?" ಎಂದ ಹಾಮುರಾ.

"ಎಷ್ಟು ದೊಡ್ಡ ಭರಣಿ ನೋಡಿ," ಎಂದು ಟೊಕಿಜೊ ದೂರದಿಂದಲೇ ಹೇಳಿದ. "ನಮ್ಮಪ್ಪಂದು ಇದರಲ್ಲಿ ಅರ್ಧ ಇರ್ಲಿಲ್ಲ."

ಅದು ನಿಶಿಗೋರಿಗೂ ಕಂಡಿತ್ತು. ಹಮಾಸೆಯ ಕಡೆ, ಒಟ್ಟಾರೆ ಪಶ್ಚಿಮದಲ್ಲಿ, ಚಿತೆಯಿಂದ ಆಯ್ದ ಕೆಲವು ಮೂಳೆಗಳನ್ನಷ್ಟೇ ಚಿಕ್ಕ ಭರಣಿಯಲ್ಲಿ ತರುತ್ತಾರೆ. ಒಂದು ಚೂರನ್ನೂ ಬಿಡದೆ ಎಲ್ಲವನ್ನೂ ತುಂಬಿಕೊಳ್ಳುವವರು ತೋಕಿಯೊ ಕಡೆಯ ಪೂರ್ವದವರು. ಅಂದರೆ ಇದು ಊರಿನವರದ್ದಲ್ಲ, ಹಡಗಿನಲ್ಲೇ ಬಂದದ್ದು. ಸುಗಿತಾನಿಯ ಮುಖ ಇಳಿದುಹೋಯಿತು. ಆದರೆ ಹಡಗಿನ ಮುಕ್ಕಾಲು ಪಾಲು ಜನ ಪೂರ್ವದವರೇ. ಇನ್ನೂ ಏನಾದರೂ ಬೇಕಿತ್ತು.

ಉಳಿದದ್ದು ಸಿಹಿಯ ಡಬ್ಬ. ಪಂಚನಾಮೆಯಲ್ಲಿ ಹಾಮುರಾ ಬರೆದ: ಹನ್ನೆರಡು ಸಿಹಿಯ ಡಬ್ಬ ಒಂದು, ಸಿಹಿ ಒಂಬತ್ತು, ಮೂರು ಸಾಕ್ಷಿಯ ಹೊಟ್ಟೆಯಲ್ಲಿ. ನಿಶಿಗೋರಿ ಕೊನೆಯ ಮಾತನ್ನು ಹೊಡೆಸಿದ. ಡಬ್ಬದ ಮೇಲಿನ ಅಂಗಡಿಯ ಚೀಟಿಯನ್ನು ಕಿತ್ತುಹಾಕಲಾಗಿತ್ತು. ಕಿತ್ತ ಕಡೆಯ ಅಂಟನ್ನೂ ಉಜ್ಜಿ ತೆಗೆದಿದ್ದರು. ಆದರೆ ಸಿಹಿಯನ್ನು ಉಜ್ಜಲು ಬರುವುದಿಲ್ಲ. ತೆಳ್ಳಗಿನ ಎರಡು ಅಕ್ಕಿಹಪ್ಪಳದ ಚಿಪ್ಪು, ಪ್ರತಿಯೊಂದರ ಮೇಲೂ ಅಚ್ಚಿನಲ್ಲಿ ಒತ್ತಿದ ಒಂದು ದೀಪಸ್ತಂಭ.

"ಒಳಗೇನಿತ್ತು?"

ಟೊಕಿಜೊ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಕಡಲೆಕಾಯಿ ಹೂರಣ ಸಾರ್." ಸ್ವಲ್ಪ ತಡೆದು ಸೇರಿಸಿದ, "ಚೆನ್ನಾಗಿತ್ತು."

ಕಡಲೆಕಾಯಿ ಎಂದರೆ ತೋಕಿಯೊ ಪಕ್ಕದ ಚಿಬಾ ಜಿಲ್ಲೆ. ಅಲ್ಲಿನ ಪೊಲೀಸರಿಗೆ ಫೋನು ಹೋಯಿತು. ದೀಪಸ್ತಂಭವಿರುವ ಕಡಲತೀರದ ಊರಿನಲ್ಲಿ ಅಂಥ ಅಚ್ಚಿನ ಅಂಗಡಿ ಒಂದೇ ಇದೆಯೆಂದು ಮಧ್ಯಾಹ್ನ ಹನ್ನೆರಡೂವರೆಗೆ ಉತ್ತರ ಬಂತು. ನಿಶಿಗೋರಿ ಅಂಗಡಿಗೆ ತಾನೇ ಫೋನು ಮಾಡಿದ. ಮಾತಾಡಿದವಳು ಯಜಮಾನಿ, ಮಾತಿಗೆ ಬರವಿಲ್ಲದ ಹೆಂಗಸು.

"ಹಡಗಿನ ಪ್ರವಾಸಕ್ಕೆ ಹೋಗ್ತೀನಿ ಅಂತ ಯಾರಾದ್ರೂ ತಗೊಂಡ್ರಾ?"

"ಹೊಸೋಯಾ ಅಮ್ಮ ತಗೊಂಡ್ರು. ಫುಮಿಯೆ ಅಮ್ಮ. ಯಾಕ್ ಸಾರ್, ಸಿಹಿ ಕೆಟ್ಟಿತ್ತಾ?"

"ಇಲ್ಲ. ಅಷ್ಟು ಚೆನ್ನಾಗಿ ನೆನಪಿದೆಯಾ?"

"ಶುಭಕ್ಕೋ ಅಶುಭಕ್ಕೋ ಕೇಳ್ದೆ ನಾವು ಕಾಗದ ಸುತ್ತೋದಿಲ್ಲ ಸಾರ್. ಮಡಿಕೆ ಬೇರೆ ಬೇರೆ. ಪಾಪ, ಗಂಡ ಹೋಗಿ ಮೂರು ತಿಂಗ್ಳಾಗಿತ್ತು, ಅಶುಭದ ಮಡಿಕೆ ಹಾಕ್ಲಾ ಅಂದೆ. ಬೇಡ, ಕ್ಷಮೆ ಕೇಳೋಕೆ ಅಂದ್ರು. ಯಾರ ಹತ್ರ ಅಂದೆ. ಗೊತ್ತಿಲ್ಲ, ಅವ್ರನ್ನ ನಾನಿನ್ನೂ ನೋಡಿಲ್ಲ ಅಂದ್ರು. ಅಂದು ನಕ್ರು ಸಾರ್. ಆವಮ್ಮ ನಗೋದನ್ನ ನಾನು ನೋಡಿದ್ದೇ ಮೊದಲು."

ನಿಶಿಗೋರಿ ಫೋನು ಇಟ್ಟ. ಗಂಡನ ಹೆಸರನ್ನು ಕಿತ್ತು, ಬೆರಳಚ್ಚು ಒರೆಸಿ, ಪತ್ರಗಳನ್ನು ತೆಗೆದು, ಇಷ್ಟೆಲ್ಲ ಜಾಣತನ ಮಾಡಿದ ಹೆಂಗಸು ಒಂದು ಡಬ್ಬ ಸಿಹಿ ಇಡದೆ ಇರಲಾರದೆ ಸಿಕ್ಕಿಬಿದ್ದಿದ್ದಳು.

"ಕೊಲೆ ಮಾಡಿದ್ರೂ ಹೆಣದ ಪಕ್ಕ ಡಬ್ಬ ಇಟ್ಟು ಹೋಗೋ ಜನ ನಮ್ಮೋರು," ಎಂದ.

ಹಡಗಿನ ಕಂಪನಿಯಿಂದ ಉತ್ತರ ಬಂತು: ಹೊಸೋಯಾ ಫುಮಿಯೆ, ಎಪ್ಪತ್ತೊಂದು ವರ್ಷ, ಇಬ್ಬರ ಕೋಣೆಯಲ್ಲಿ ಒಬ್ಬಳೇ. ಮಕ್ಕಳಿಲ್ಲ. ಸತ್ತ ಗಂಡ ತಡಯೋಶಿ, ವಿದ್ಯುತ್ ಕಂಪನಿಯಲ್ಲಿ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದವನು. ಅವನ ಅಣ್ಣ ಗೆನ್‌ಪಚಿಯ ನಂಬರು ಚಿಬಾದವರೇ ಕೊಟ್ಟರು.

"ನಾನು ಹೊಸೋಯಾ ಮನೆತನದ ಹಿರಿಯ," ಎಂದೇ ಶುರು ಮಾಡಿದ ಗೆನ್‌ಪಚಿ. "ನಲವತ್ತೊಂಬತ್ತನೇ ದಿನಕ್ಕೆ ತಮ್ಮನ್ನ ಗೋರಿಗೆ ಇಡ್ಬೇಕಿತ್ತು. ಆಗಸ್ಟಿನ ಹಿರಿಯರ ಹಬ್ಬದವರೆಗೂ ಮನೇಲಿ ಇಟ್ಕೋತೀನಿ ಅಂತ ಅವಳೇ ಹಟ ಹಿಡಿದ್ಲು. ಗಂಡನ ಮೇಲೆ ಅಷ್ಟು ಜೀವ ಅಂದ್ಕೊಂಡ್ವಿ. ಗೋರಿ ಸಿದ್ಧ ಇದೆ ಸಾಹೇಬ್ರೆ, ಗ್ರಾನೈಟ್ ಕಲ್ಲು. ನಮ್ಮಪ್ಪ, ನಮ್ಮಮ್ಮ, ತಮ್ಮ, ಪಕ್ಕದಲ್ಲಿ ಅವಳ ಹೆಸರು. ಬದುಕಿರೋಳಲ್ವಾ, ಅದಕ್ಕೆ ಕೆಂಪು ಬಣ್ಣ ತುಂಬಿಸಿದೀವಿ. ಅವಳು ಹೋದ ದಿನ ಬಣ್ಣ ತೆಗೆದ್ರೆ ಆಯ್ತು."

"ಅವರನ್ನ ಕೇಳಿ ಕೆತ್ತಿಸಿದ್ರಾ?"

"ಕೇಳೋದೇನಿದೆ? ಹೆಂಡತಿ ಅಲ್ವಾ?"

"ನಿಮ್ಮ ತಮ್ಮನ ಅಸ್ಥಿ ನಮ್ಮ ಠಾಣೇಲಿದೆ. ಬಂದು ತಗೊಂಡು ಹೋಗ್ತೀರಾ?"

ಅತ್ತಲಿಂದ ಉಸಿರು ಬಿಟ್ಟ ಸದ್ದು. "ಅಷ್ಟು ದೂರ? ನನಗೆ ಸೊಂಟನೋವು. ಅಂಚೇಲಿ ಕಳಿಸ್ಬಿಡಿ. ಈಗ ಎಲ್ರೂ ಹಾಗೇ ಮಾಡ್ತಾರಂತೆ. ಪಾರ್ಸಲ್ ಖರ್ಚು ನಿಮ್ಮ ಇಲಾಖೆದು ತಾನೇ?"

ಮೂಳೆಯನ್ನು ಅಂಚೆಯಲ್ಲಿ ಕಳಿಸಿದರೆ ತಪ್ಪಿಲ್ಲ, ಲಾಕರಿನಲ್ಲಿ ಇಟ್ಟರೆ ಅಪರಾಧ. ಕಾನೂನು ಹಾಗಿದೆ. ನಿಶಿಗೋರಿ ಕಾನೂನಿಗೆ ಸಂಬಳ ತೆಗೆದುಕೊಳ್ಳುವವನು, ಅದರ ಪರ ವಾದ ಮಾಡಬೇಕಾದವನಲ್ಲ. ಸಂಜೆ ನ್ಯಾಯಾಲಯದಿಂದ ವಾರಂಟ್ ತೆಗೆದುಕೊಂಡು ಇಬ್ಬರೂ ನಾಗಾಸಾಕಿಯ ರೈಲು ಹತ್ತಿದರು. ಭರಣಿ ಠಾಣೆಯ ಮಾಲಿನ ಕೋಣೆಯಲ್ಲಿ, ವಾರಸುದಾರರಿಲ್ಲದ ಎರಡು ಸೈಕಲ್ ಮತ್ತು ಒಂದು ಗಾಳದ ಕೋಲಿನ ನಡುವೆ ಉಳಿಯಿತು.

ಶನಿವಾರ ಬೆಳಿಗ್ಗೆ 'ಗೋಲ್ಡನ್ ಹೆರಾನ್' ನಾಗಾಸಾಕಿಯ ಕಟ್ಟೆಗೆ ಬಂದು ನಿಂತಿತು. ಹನ್ನೆರಡು ಅಂತಸ್ತಿನ ಬಿಳಿ ಕಟ್ಟಡ, ಪಕ್ಕದ ಗುಡ್ಡದ ಮನೆಗಳಿಗೆಲ್ಲ ಬಿಸಿಲು ತಪ್ಪಿಸುವಂಥದ್ದು. ಪೊಲೀಸರು ಹಡಗಿನ ಕಚೇರಿ ಸೇರುವಷ್ಟರಲ್ಲಿ ಹೊಸೋಯಾ ಫುಮಿಯೆ ಇಳಿದುಹೋಗಿದ್ದಳು.

"ಆವಮ್ಮ ಎಲ್ಲ ಬಂದರಲ್ಲೂ ಮೊದಲು ಇಳಿದು ಕೊನೇಲಿ ಹತ್ತೋರು," ಎಂದಳು ಕಚೇರಿಯ ಹುಡುಗಿ, ಅದೊಂದು ರೋಗವೆಂಬಂತೆ. "ಬುಸಾನ್‌ನಲ್ಲಿ ಏಣಿ ಎತ್ತೋ ಹೊತ್ತಿಗೆ ಓಡಿ ಬಂದ್ರು. ಒಳಗೆ ಎಷ್ಟೊಂದು ಕಾರ್ಯಕ್ರಮ ಇಟ್ಟಿದೀವಿ. ಒಂದಕ್ಕೂ ಬರಲ್ಲ. ಬರೀ ನಡೀತಾರೆ."

ಏಣಿಯ ಬುಡದಲ್ಲಿ ಕಾದರು. ಮಧ್ಯಾಹ್ನದಿಂದಲೇ ಜನ ಮರಳತೊಡಗಿದರು. ಊರಿಗೆ ಹೋಗಿ ಒಂದು ಗಂಟೆಯಲ್ಲಿ ಬಂದವರು, ಹಡಗಿನ ಊಟ ತಪ್ಪಿಹೋದೀತೆಂದು ಟ್ಯಾಕ್ಸಿ ಹಿಡಿದು ಬಂದವರು, ಕಟ್ಟೆಯನ್ನೇ ದಾಟದೆ ಅಲ್ಲಿಂದಲೇ ಊರಿನ ಫೋಟೊ ತೆಗೆದು ನೋಡಿದ್ದಾಯಿತು ಎಂದವರು. ಒಬ್ಬ ಗಂಡಸು ಹಾಮುರಾನನ್ನು ಹಡಗಿನ ನೌಕರನೆಂದುಕೊಂಡು ಇದು ಯಾವ ದೇಶ ಎಂದು ಕೇಳಿದ.

"ಏನಂದೆ?" ಎಂದ ನಿಶಿಗೋರಿ.

"ಕೊರಿಯಾ ಅಂದೆ ಸಾರ್. ಖುಷಿಯಾಗಿ ಹೋದ್ರು."

ನಾಲ್ಕೂವರೆಗೆ, ಎಲ್ಲರಿಗಿಂತ ಕೊನೆಗೆ, ಗುಡ್ಡದ ಕಡೆಯಿಂದ ಒಬ್ಬ ಸಣ್ಣ ಹೆಂಗಸು ಬಂದಳು. ಬಿಳಿ ಕೂದಲು, ಕೆಸರಾದ ಬೂಟು, ಬಿಸಿಲಿಗೆ ಕೆಂಪಾದ ಮೂಗು. ನಿಶಿಗೋರಿ ಗುರುತಿನ ಚೀಟಿ ತೋರಿಸಿದ.

"ಹಮಾಸೆ ಪೊಲೀಸ್."

"ಓ," ಎಂದಳು ಆಕೆ. "ಮೂರು ದಿನ ಆಗೋಯ್ತಾ?"

ಕಟ್ಟೆಯ ಸುಂಕದವರು ಬಿಟ್ಟುಕೊಟ್ಟ ಕೋಣೆಯಲ್ಲಿ ಕೂರಿಸಿದರು. ಹಾಮುರಾ ಬರೆದುಕೊಳ್ಳತೊಡಗಿದ.

"ಹೆಸರು?"

"ಹೊಸೋಯಾ ಫುಮಿಯೆ."

"ಮಂಗಳವಾರ ಹಮಾಸೆಯಲ್ಲಿ ಇಳಿದ್ರಾ?"

"ಇಳಿದೆ. ಊರು ನೋಡಿದೆ."

"ಅಲ್ಲಿ ನೋಡೋಕೇನಿದೆ?"

"ಏನೂ ಇಲ್ಲ ಸಾರ್. ಆದ್ರೂ ಎಲ್ಲ ನೋಡಿದೆ."

"ಏಳನೇ ಲಾಕರಿನಲ್ಲಿ ಅಸ್ಥಿ ಇಟ್ಟೋರು ನೀವೇನಾ?"

"ನಾನೇ. ದೊಡ್ಡದೇ ತಗೊಂಡೆ. ಅವ್ರಿಗೆ ಮಂಡಿನೋವಿತ್ತು, ಇಕ್ಕಟ್ಟಾಗಬಾರದು ಅಂತ." ಆಮೇಲೆ ಮುಂದೆ ಬಾಗಿ ಕೇಳಿದಳು, "ತೆಗೆದೋರಿಗೆ ತುಂಬ ತೊಂದ್ರೆ ಆಯ್ತಾ? ಸಿಹಿ ತಿಂದ್ರಾ?"

"ತಿಂದ. ನಿನ್ನೆಯಿಂದ ಬಾಯಿ ತೊಳೀತಾನೇ ಇದಾನೆ."

"ಅಯ್ಯೋ. ಇನ್ನೊಂದು ಡಬ್ಬ ಕಳಿಸ್ಬೇಕಲ್ಲ."

ಹಾಮುರಾ ತುಟಿ ಕಚ್ಚಿಕೊಂಡ. ನಿಶಿಗೋರಿಯ ತಾಳ್ಮೆ ತಪ್ಪುತ್ತಿತ್ತು. ಗಂಡನ ಮೂಳೆಯನ್ನು ಬಿಸಾಡಿ ಮೋಜು ಮಾಡಲು ಹೋದ ಮುದುಕಿ, ಅಪರಿಚಿತನ ಬಾಯಿರುಚಿಗೆ ಕೊರಗುತ್ತಿದ್ದಾಳೆ.

"ಬಿಸಾಡೋದೇ ಆಗಿದ್ರೆ ಸುತ್ತ ಸಮುದ್ರ ಇತ್ತಲ್ಲ. ರಾತ್ರಿ ಹೊತ್ತು ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಸಮುದ್ರಕ್ಕೆ ಹಾಕಿದ್ರೆ ಊರೂರು ತಿರುಗ್ತಾರೆ ಸಾರ್," ಎಂದಳು ಫುಮಿಯೆ ಶಾಂತವಾಗಿ. "ಅದೇ ತಾನೇ ಅವ್ರು ಜೀವಮಾನ ಪೂರ್ತಿ ಮಾಡಿದ್ದು. ಒಂದು ಕಡೆ ಕೂತಿರ್ಲಿ ಅಂತ."

"ಅಂದ್ರೆ?"

"ಮದುವೆಯಾದ ವರ್ಷ ಕ್ಯೋಟೊಗೆ ಹೋದ್ವಿ. ಸ್ಟೇಷನ್‌ನಲ್ಲಿ ಇಳೀತಿದ್ದ ಹಾಗೇ ಅಂದ್ರು, ನೀನಿಲ್ಲಿ ಸಾಮಾನಿನ ಹತ್ರ ಕೂತಿರು, ನಾನೊಂದು ಸುತ್ತು ನೋಡ್ಕೊಂಡು ಬರ್ತೀನಿ. ಲಾಕರ್‌ನಲ್ಲಿ ಇಡೋಣ ಅಂದೆ. ನೀನಿದ್ದೀಯಲ್ಲ, ಲಾಕರ್‌ಗೆ ದಂಡ ಯಾಕೆ ಅಂದ್ರು. ಸಂಜೆ ಬಂದ್ರು. ಫೋಟೊ ತೋರ್ಸಿದ್ರು. ಆಮೇಲೆ ನಿಕ್ಕೋ, ಬೆಪ್ಪು ಅನ್ನೋ ಊರು, ಎಲ್ಲಿಗೆ ಹೋದ್ರೂ ಅದೇ ಮಾತು. ಕ್ಯೋಟೊಗೇ ನಾಲ್ಕು ಸಲ ಹೋಗಿದೀನಿ. ಊರು ಹೇಗಿದೆ ಅಂತ ಕೇಳ್ಬೇಡಿ. ಸ್ಟೇಷನ್ ಬೇಕಾದ್ರೆ ಕಣ್ಣು ಮುಚ್ಚಿ ಹೇಳ್ತೀನಿ, ಎಲ್ಲಿ ಗಡಿಯಾರ, ಎಲ್ಲಿ ನೀರಿನ ನಲ್ಲಿ."

"ಎದ್ದು ಹೋಗಬಹುದಿತ್ತಲ್ಲ?"

"ಸಾಮಾನು ಇತ್ತಲ್ಲ ಸಾರ್."

ಹಾಮುರಾನ ಪೆನ್ನು ನಿಂತಿತು. ನಿಶಿಗೋರಿ ಅವನ ಕಡೆ ಕಣ್ಣು ಬಿಟ್ಟ ಮೇಲೆ ಮತ್ತೆ ಓಡಿತು.

"ಈ ಹಡಗು ಅವರೇ ಬುಕ್ ಮಾಡಿದ್ದು," ಫುಮಿಯೆ ಹೇಳಿದಳು. "ಫೆಬ್ರುವರೀಲಿ ಹೋಗ್ಬಿಟ್ರು, ದುಡ್ಡು ವಾಪಸ್ ಕೊಡಲ್ಲ ಅಂದ್ರು ಕಂಪನಿಯೋರು. ಬುಕ್ ಮಾಡಿದ ದಿನ ಏನಂದ್ರು ಗೊತ್ತಾ? ಹಡಗಲ್ಲಿ ಸಾಮಾನು ರೂಮಲ್ಲೇ ಇರುತ್ತೆ, ಈ ಸಲ ನೀನೂ ಇಳೀಬಹುದು ಅಂದ್ರು. ನಾನು ಒಂದು ಜೊತೆ ಬೂಟು ತಗೊಂಡೆ. ರಾತ್ರಿ ಮಲಗೋ ಮುಂಚೆ ಅಂದ್ರು, ಆದ್ರೂ ರೂಮಲ್ಲಿ ಯಾರಾದ್ರೂ ಒಬ್ರು ಇದ್ರೆ ಒಳ್ಳೇದು ಅಂತ."

 ಹೊರಗೆ ಹಡಗಿನವರು ಯಾವುದೋ ಕುಣಿತದ ಹಾಡು ಹಾಕಿದ್ದರು.

"ಮೊದ್ಲು ಅವ್ರನ್ನ ಇಡೀ ಪ್ರವಾಸ ಜೊತೇಲೇ ಕರ್ಕೊಂಡು ಹೋಗಬೇಕು ಅಂತಾನೇ ಇದ್ದೆ. ಚೀಟಿ ಕಿತ್ತಿದ್ದು, ಡಬ್ಬ ತಗೊಂಡಿದ್ದು ಎಲ್ಲ ಸುಮ್ನೆ, ಧೈರ್ಯ ಬಂ‍ದ್ರೆ ಇರ್ಲಿ ಅಂತ. ಹಮಾಸೆ ಬಂತು. ಭರಣಿ ಕೈಲಿ ಹಿಡ್ಕೊಂಡು ಇಳಿದೆ. ಭಾರ ಸಾರ್. ಹತ್ತು ಹೆಜ್ಜೆ ಹೋಗಿ ಕೂತೆ, ಮತ್ತೆ ಹತ್ತು ಹೆಜ್ಜೆ. ಮೀನು ಕುಣೀತಿತ್ತು. ಆಗ ಗೊತ್ತಾಯ್ತು, ನಾನು ಮತ್ತೆ ಸಾಮಾನು ಕಾಯ್ತಾ ಕೂತಿದೀನಿ. ತಿರುಗಿ ನೋಡಿದ್ರೆ ಲಾಕರು."

"ಆಮೇಲೆ?"

"ಆಮೇಲೆ ಬುಸಾನ್. ಮೀನು ಮಾರೋ ಹೆಂಗಸು ಕೈ ಹಿಡಿದು ಕೂರಿಸ್ಕೊಂಡು ಹಸಿಮೀನು ತಿನ್ನಿಸಿದ್ಲು. ಭಾಷೆ ಬರಲ್ಲ, ಬೈತಿದ್ಲೋ ಉಪಚಾರ ಮಾಡ್ತಿದ್ಲೋ ಗೊತ್ತಾಗ್ಲಿಲ್ಲ. ಗುಡ್ಡ ಹತ್ತಿದೆ. ಜೇಜುನಲ್ಲಿ ಕಲ್ಲುಗೋಡೆ ಪಕ್ಕ ದಿನಪೂರ್ತಿ ನಡೆದೆ. ನಮ್ಮೋರು ಆಫೀಸಿನೋರ ಜೊತೆ ಗಾಲ್ಫ್ ಆಡೋಕೆ ಅಲ್ಲಿಗೆ ಏಳು ಸಲ ಹೋಗಿದ್ರು. ಪೆಟ್ಟಿಗೆ ತುಂಬ್ತಿದ್ದೋಳು ನಾನು. ಗಾಳಿ ಅಷ್ಟು ಜೋರು ಅಂತ ಒಂದು ದಿನಾನೂ ಹೇಳ್ಲಿಲ್ಲ."

ಐದು ಇಪ್ಪತ್ತಕ್ಕೆ ನಿಶಿಗೋರಿ ವಾರಂಟ್ ಓದಿ ಬಂಧಿಸಿದ. ಆಕೆ ಓದುವಾಗ ಎದ್ದು ನಿಂತು, ಮುಗಿದ ಮೇಲೆ ತಲೆಬಾಗಿದಳು. ಒಂದೇ ಪ್ರಶ್ನೆ ಕೇಳಿದಳು.

"ಅವ್ರನ್ನ ಆ ಗೋರಿಗೇ ಇಡ್ತಾರಾ?"

"ನಿಮ್ಮ ಭಾವ ಅಂಚೇಲಿ ಕಳಿಸಿ ಅಂದಿದಾರೆ."

"ಹಂಗಾದ್ರೆ ನನ್ನನ್ನೂ ಅಲ್ಲಿಗೇ ಇಡ್ತಾರೆ." ಆಕೆ ಒಂದು ಹೆಜ್ಜೆ ಮುಂದೆ ಬಂದಳು. "ಜೈಲಿಗೆ ಹಾಕಿ ಸಾರ್, ಪರವಾಗಿಲ್ಲ. ಆದ್ರೆ ಆ ಕಲ್ಲಿನ ಮೇಲೆ ನನ್ನ ಹೆಸರಿದೆ, ಕೆಂಪಲ್ಲಿ. ಮಾವ, ಅತ್ತೆ, ಅವ್ರು, ಎಲ್ರೂ ಒಳಗೆ. ಅಲ್ಲಿ ಕೂತು ಇನ್ನೆಷ್ಟು ಕಾಲ ಕಾಯ್ಲಿ? ಅಲ್ಲಿಂದ ಎದ್ದು ಹೋಗೋಕೂ ಆಗಲ್ಲ."

ನಿಶಿಗೋರಿ ಹೊರಗೆ ಬಂದು ಗೆನ್‌ಪಚಿಗೆ ಫೋನು ಮಾಡಿದ. ಬಂಧನದ ವಿಷಯ ಮನೆಯವರಿಗೆ ತಿಳಿಸುವುದು ನಿಯಮ. ನಿಯಮಕ್ಕಿಂತ ಒಂದೆರಡು ಮಾತು ಹೆಚ್ಚೇ ಆಡಿದ.

"ಅಪರಾಧಿ ಅಂತ ಹೆಸರು ಬಂತಲ್ಲ ಯಜಮಾನ್ರೆ, ನಾಳೆ ಪತ್ರಿಕೆಯೋರು ನಿಮ್ಮೂರಿಗೂ ಬರಬಹುದು. ಗೋರಿ ಫೋಟೊ ತೆಗೀತಾರೆ. ನಿಮ್ಮ ತಂದೆ ಹೆಸರಿನ ಪಕ್ಕದಲ್ಲೇ ಅವರ ಹೆಸರು, ಅದೂ ಕೆಂಪು ಬಣ್ಣ. ಚೆನ್ನಾಗಿ ಕಾಣ್ಸುತ್ತೆ."

ಅತ್ತ ಕಡೆ ಮನೆತನದ ಹಿರಿಯ ಉರಿದುಬಿದ್ದ. "ಅಂಥವಳಿಗೆ ನಮ್ಮ ಗೋರೀಲಿ ಜಾಗ ಇಲ್ಲ! ನಾಳೆ ಬೆಳಗ್ಗೆನೇ ಕಲ್ಲುಕುಟಿಗನ್ನ ಕರೆಸಿ ಉಜ್ಜಿಸಿ ಹಾಕ್ತೀನಿ. ಸತ್ತ ಮೇಲೂ ನಮ್ಮ ಬಾಗಿಲಿಗೆ ಬರೋದು ಬೇಡ ಅಂತ ಹೇಳಿ ಅವಳಿಗೆ. ನೀವೇ ಹೇಳಿ."

"ಹೇಳ್ತೀನಿ," ಎಂದ ನಿಶಿಗೋರಿ. ಅಂಥ ಮನುಷ್ಯನಿಂದ ಒಂದು ಒಳ್ಳೆಯ ಕೆಲಸ ಮಾಡಿಸಬೇಕಾದರೆ ಅವನ ಮಾನಕ್ಕೆ ಚುಚ್ಚಬೇಕು, ಬೇರೆ ದಾರಿಯಿಲ್ಲ.

ಒಳಗೆ ಬಂದು ಆ ಮಾತುಗಳನ್ನು ಇದ್ದ ಹಾಗೆಯೇ ಹೇಳಿದ. ಫುಮಿಯೆ ಕಿವಿಗೊಟ್ಟು ಕೇಳಿದಳು.

"ಇನ್ನೊಂದು ಸಲ ಹೇಳಿ ಸಾರ್."

ಇನ್ನೊಂದು ಸಲ ಹೇಳಿದ.

"ಭಾವ ಮಾತು ಬದಲಾಯಿಸಲ್ಲ ತಾನೇ?" ಎಂದು ಕೇಳಿ, ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡಳು.

ಹಡಗಿನಿಂದ ಆಕೆಯ ಪೆಟ್ಟಿಗೆ ಇಳಿಸಿ ತಂದರು. ಜೊತೆಗೆ ಬುಸಾನ್‌ನ ಕಡಲಪಾಚಿ ಹಾಳೆಗಳ ಚೀಲ, ಜೇಜುನ ಕಿತ್ತಳೆಯ ಚೀಲ. ಒಂದನ್ನೂ ಯಾರಿಗೆಂದು ಕೊಂಡದ್ದೋ ಆಕೆಗೇ ಗೊತ್ತಿರಲಿಲ್ಲ. ನಾಗಾಸಾಕಿ ನಿಲ್ದಾಣ ಮುಟ್ಟಿದಾಗ ರೈಲಿಗೆ ಇನ್ನೂ ಒಂದು ಗಂಟೆ ಇತ್ತು. ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಹಾಮುರಾ ಸಾಮಾನನ್ನೆಲ್ಲ ಕಂಬದ ಬುಡದಲ್ಲಿ ಇಳಿಸಿದ.

"ಸಾರ್, ನೀವು ಊಟ ಮಾಡ್ಕೊಂಡು ಬನ್ನಿ, ನಾನು ಇಲ್ಲೇ ಕಾವಲಿರ್ತೀನಿ. ಅಮ್ಮಾ, ನೀವು ಈ ಸಾಮಾನಿನ ಹತ್ರ ಕೂತಿರಿ."

ಹೇಳಿ ಮುಗಿಸುವ ಮೊದಲೇ ಆಕೆ ಕೂತಾಗಿತ್ತು. ಪೆಟ್ಟಿಗೆಯ ಅಂಚಿನ ಮೇಲೆ, ಮಂಡಿ ಜೋಡಿಸಿ, ಎರಡು ಚೀಲ ತೊಡೆಯ ಮೇಲೆ, ಒಂದು ಕೈ ಪೆಟ್ಟಿಗೆಯ ಹಿಡಿಯ ಮೇಲೆ. ಗಡಿಯಾರ ಎಲ್ಲಿದೆಯೆಂದು ಕಣ್ಣು ಆಗಲೇ ಹುಡುಕುತ್ತಿತ್ತು.

ನಿಶಿಗೋರಿ ಅದನ್ನು ನೋಡಿದ. ಆಮೇಲೆ ಹಾಮುರಾನನ್ನು ನೋಡಿದ.

"ಏನೋ ಮುಠ್ಠಾಳ. ಇಷ್ಟು ಹೊತ್ತು ಏನು ಬರ್ಕೊಂಡೆ ನೀನು?"

ಹಾಮುರಾನ ಮುಖ ಕೆಂಪಾಯಿತು. ಕಿವಿಯೂ.

"ಏಳಿ ಅಮ್ಮಾ," ಎಂದ ನಿಶಿಗೋರಿ. "ಎದ್ದೇಳಿ."

ಆಕೆಯ ತೊಡೆಯ ಮೇಲಿದ್ದ ಚೀಲಗಳನ್ನು ತಾನೇ ಎತ್ತಿಕೊಂಡ. ಗೋಡೆಯ ಬದಿಯ ಲಾಕರುಗಳಲ್ಲಿ ದೊಡ್ಡದೊಂದನ್ನು ತೆಗೆದು ಪೆಟ್ಟಿಗೆ, ಪಾಚಿ, ಕಿತ್ತಳೆ ಎಲ್ಲವನ್ನೂ ಒಳಗೆ ತಳ್ಳಿದ. ಜೇಬಿನಲ್ಲಿ ನೂರರ ನಾಣ್ಯ ಸಾಲಲಿಲ್ಲ. ಕೈ ಚಾಚಿದ. ಹಾಮುರಾ ತನ್ನ ಜೇಬಿನಿಂದ ಕೊಟ್ಟ. ನಾಣ್ಯಗಳು ಒಂದೊಂದಾಗಿ ಒಳಗೆ ಬೀಳುವುದನ್ನು ಆಕೆ ನೋಡುತ್ತ ನಿಂತಿದ್ದಳು. ಕೀಲಿ ತಿರುಗಿಸಿ ನಿಶಿಗೋರಿ ಅದನ್ನು ತನ್ನ ಜೇಬಿಗೆ ಹಾಕಿಕೊಂಡ.

"ಈ ಊರಲ್ಲಿ ಏನು ನೋಡೋದು ಬಾಕಿ ಇದೆ?"

"ಸೇತುವೆ ಸಾರ್," ಎಂದಳು ಫುಮಿಯೆ. "ಹಳೇ ಕಲ್ಲಿನ ಸೇತುವೆ. ಹೊತ್ತಾಯ್ತು ಅಂತ ವಾಪಸ್ ಬಂದೆ."

"ನಲವತ್ತು ನಿಮಿಷ. ಊಟ ದಾರೀಲಿ."

ಆ ದಿನದ ವರದಿಯಲ್ಲಿ ಹೀಗೆ ಬರೆಯಲಾಗಿದೆ: ಆರೋಪಿಯ ಸಾಮಾನನ್ನು ನಿಲ್ದಾಣದ ಲಾಕರಿನಲ್ಲಿ ಇರಿಸಲಾಯಿತು, ಖರ್ಚು ಇಲಾಖೆಯದಲ್ಲ. ಸೇತುವೆಯ ಮಾತು ಅದರಲ್ಲಿಲ್ಲ. ಹೊಸೋಯಾ ಫುಮಿಯೆ ಕೈಬೀಸಿಕೊಂಡು ಮುಂದೆ ನಡೆದಳು, ಪೊಲೀಸರಿಬ್ಬರೂ ಆಕೆಯ ಹಿಂದೆ ಹೋದರು.